ಹಲ್ಲಿಯ ಮುಖದ ಬಂಗು

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳಿಗೆ ಸರಿಯಾಗಿ ಕೂರಲು ಬರುತ್ತಿರಲಿಲ್ಲ, ಹೊಳೆಗೆ ದಾರಿ ಗೊತ್ತಿರಲಿಲ್ಲ. ಆಗ ಹಲ್ಲಿ ಗೋಡೆಯ ಮೇಲೆ ಇರುತ್ತಿರಲಿಲ್ಲ. ಹೇಗಿದ್ದೀತು, ಗೋಡೆಯೇ ಹುಟ್ಟಿರಲಿಲ್ಲವಲ್ಲ!

ಹೊಳೆಯ ದಂಡೆಯಲ್ಲಿ ಒಂದು ಬಂಡೆ. ಅದರ ಮೇಲೆ ನುಣುಪಿ ಎಂಬ ಹಲ್ಲಿಯೂ ಅವಳ ಅಕ್ಕ ಓತಿಕ್ಯಾತಿಯೂ ದಿನಾ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿದ್ದರು. ನುಣುಪಿಯದು ಬಂಡೆಯದೇ ಕಂದು ಬಣ್ಣ. ಒರಗಿ ಕೂತರೆ ಹದ್ದಿಗೂ ಕಾಣುತ್ತಿರಲಿಲ್ಲ. ಅನುಮಾನವೂ ಅವಳಿಗೆ ಹುಟ್ಟಿನಿಂದಲೇ ಬಂದಿತ್ತು. ಎಲೆ ಅಲುಗಿದರೂ, "ಇದರಲ್ಲೇನೋ ಮಸಲತ್ತಿದೆ" ಎನ್ನುವಳು.

ಒಂದು ಬೇಸಿಗೆಯಲ್ಲಿ ನುಣುಪಿ ಹೊಟ್ಟೆಯಲ್ಲಿ ಮೊಟ್ಟೆ ಹೊತ್ತಳು. ಆಗಲೇ ಅವಳ ಎರಡೂ ಕೆನ್ನೆಗಳ ಮೇಲೆ ಕಪ್ಪು ಛಾಯೆ ಎದ್ದಿತು. ಹೊಳೆಯಲ್ಲಿ ಮುಖ ನೋಡಿಕೊಂಡವಳು ಬಾಲದಿಂದ ನೀರಿಗೆ ಬಡಿದಳು.

"ಏ ಹೊಳೆ, ಬೇಕೂಂತಲೇ ನನ್ನ ಮುಖ ಕೆಡಿಸಿ ತೋರಿಸ್ತಿದ್ದೀಯ!"

"ಇರೋದನ್ನ ತೋರಿಸ್ತೀನಮ್ಮ. ನನಗೇನು ಲಾಭ?" ಎಂದಿತು ಹೊಳೆ.

ಲಾಭದ ಮಾತು ಎತ್ತಿತೆಂದರೆ ಇದರಲ್ಲೇನೋ ಮಸಲತ್ತಿದೆ ಎಂದುಕೊಂಡಳು ನುಣುಪಿ.

ಅಕ್ಕ ಹತ್ತಿರ ಬಂದು ನೋಡಿದಳು. "ಅಯ್ಯೋ ಹುಚ್ಚಿ, ಇದು ಬಂಗು ಕಣೇ. ಮೊಟ್ಟೆ ಹೊತ್ತಾಗ ಕೆಲವರಿಗೆ ಬರುತ್ತೆ. ಬಿಸಿಲು ಬಿದ್ದಷ್ಟೂ ಕಪ್ಪಾಗುತ್ತೆ. ಸ್ವಲ್ಪ ದಿನ ಈ ಬಂಡೆ ಬಿಟ್ಟು ಎಲೆ ಮರೇಲಿ ಕೂತ್ಕೋ. ಉಜ್ಜಬೇಡ, ಕೆರೀಬೇಡ. ನಿಧಾನಕ್ಕೆ ತಿಳಿಯಾಗುತ್ತೆ."

ಬಂಡೆ ಬಿಡಬೇಕಂತೆ! ನುಣುಪಿಯ ಕಣ್ಣು ಕಿರಿದಾಯಿತು. ಬೆಚ್ಚಗಿನ ಬಂಡೆಯನ್ನು ಒಬ್ಬಳೇ ಹೊಡೆದುಕೊಳ್ಳಲು ಅಕ್ಕ ಹೂಡಿದ ಆಟ ಇದು. ಇದರಲ್ಲಂತೂ ಮಸಲತ್ತೇ ಇದೆ.

ಅಷ್ಟರಲ್ಲಿ ಬೆಳ್ಳಕ್ಕಿ ಬಂದು ಒಂಟಿಕಾಲಲ್ಲಿ ನಿಂತಿತು. "ಎಂಥ ಚೆಲುವಾದ ಮುಖ, ಏನಾಗಿ ಹೋಯ್ತು! ನನ್ನ ನೋಡು ತಾಯಿ. ನಾನೂ ಮೊದಲು ಕಾಗೆಗಿಂತ ಕಪ್ಪಗಿದ್ದೆ. ಕಳ್ಳಿಹಾಲು ಹಚ್ಚಿಕೊಂಡೆ, ಹೀಗಾದೆ."

ಹೊಳೆಯನ್ನು ನಂಬದವಳು, ಒಡಹುಟ್ಟಿದವಳನ್ನೂ ನಂಬದವಳು, ಬೆಳ್ಳಕ್ಕಿಯನ್ನು ನಂಬಿಬಿಟ್ಟಳು. ಹೊಗಳುವವರ ಮೇಲೂ ಅನುಮಾನ ಪಡಬಹುದೆಂದು ಅವಳಿಗೆ ತೋಚಲೇ ಇಲ್ಲ, ನೋಡು ಮಗು.

ಕಳ್ಳಿಹಾಲು ಉರಿಯಿತು. "ಉರಿದರೆ ಒಳ್ಳೇದೇ" ಎಂದಿತು ಬೆಳ್ಳಕ್ಕಿ. ಕಪ್ಪು ಹೋಯಿತು. "ಮೈಗೂ ಹಚ್ಚು" ಎಂದಿತು. ಕಂದೂ ಹೋಯಿತು. "ಇನ್ನೂ ಹಚ್ಚು" ಎಂದಿತು. ಚರ್ಮ ತೆಳುವಾಗಿ ತೆಳುವಾಗಿ, ಹೊಟ್ಟೆಯೊಳಗಿನ ಮೊಟ್ಟೆಗಳೂ ಹೊರಗೆ ಕಾಣತೊಡಗಿದವು.

"ಸಾಕು ಮಾಡೇ" ಎಂದು ಅಕ್ಕ ಅತ್ತಳು. ಹೊಟ್ಟೆಕಿಚ್ಚು, ಇನ್ನೇನು ಎಂದುಕೊಂಡಳು ನುಣುಪಿ.

ಮಾರನೆಯ ಬೆಳಗ್ಗೆ ಅವಳು ಬಂಡೆಯ ಮೇಲೆ ಬಂದು ಕೂತಳು. ಕಂದು ಬಂಡೆ, ಬೆಳ್ಳನೆಯ ಹಲ್ಲಿ. ದೂರದ ದಡಕ್ಕೂ ಕಾಣುತ್ತಿದ್ದಳು. ಗಾಳಿ ಥಟ್ಟನೆ ನಿಂತಿತು. ಮೇಲಿನಿಂದ ರೆಕ್ಕೆಯ ನೆರಳು ಬಿತ್ತು, ಬೆಳ್ಳಕ್ಕಿ ಅವಳ ಮೇಲೇ ಎರಗಿತು.

"ಓಡೇ!" ಎಂದು ಕಿರುಚಿ ಅಕ್ಕ ಬೆಳ್ಳಕ್ಕಿಯ ಕಾಲನ್ನು ಕಚ್ಚಿ ಹಿಡಿದಳು. ನುಣುಪಿ ಆಗಲೂ ಒಂದು ಕ್ಷಣ ಅನುಮಾನಿಸಿದಳು. ಅಷ್ಟರಲ್ಲಿ ಕೊಕ್ಕು ಅವಳ ಬಾಲವನ್ನು ಹಿಡಿದಾಗಿತ್ತು. ಬಾಲವನ್ನು ಅಲ್ಲೇ ಬಿಟ್ಟು, ಮೊಟ್ಟೆಗಳನ್ನು ಉಳಿಸಿಕೊಂಡು, ಬಿದ್ದೆನೋ ಎದ್ದೆನೋ ಎಂದು ಓಡಿದಳು.

ಆ ತೆಳು ಚರ್ಮಕ್ಕೆ ಬಿಸಿಲು ಕೆಂಡದಂತೆ ತಾಗುತ್ತಿತ್ತು. ದಂಡೆಯ ಮೇಲ್ಗಡೆ ಮನುಷ್ಯರು ಆಗಷ್ಟೇ ಮೊದಲ ಮನೆ ಕಟ್ಟಿ ಗೋಡೆಗೆ ಸುಣ್ಣ ಬಳಿದಿದ್ದರು. ಬಿಳಿ ಗೋಡೆಗೆ ಬಿಳಿ ಮೈ ಒತ್ತಿ ನಿಂತಳು. ಬೆಳ್ಳಕ್ಕಿ ಹುಡುಕಿ ಹುಡುಕಿ ಸಾಕಾಗಿ ಹೋಯಿತು. ಅಲ್ಲೇ ಸಂದಿಯಲ್ಲಿ ಮೊಟ್ಟೆಯಿಟ್ಟಳು. ಮರಿಗಳೂ ಬೆಳ್ಳಗೇ ಹುಟ್ಟಿದವು. ಎಲೆ ಮರೆಯಲ್ಲಿ ಕೂತಿದ್ದರೆ ಬಂಗು ಹೋಗುತ್ತಿತ್ತು. ಈ ಬಿಳುಪು ಹೋಗಲೇ ಇಲ್ಲ.

"ಬಾರೇ, ಬಂಡೆ ನಿನ್ನದೂ ಹೌದು" ಎಂದು ಅಕ್ಕ ಮನೆಯ ಬೇಲಿಯವರೆಗೂ ಬಂದು ಕರೆದಳು. ನುಣುಪಿಗೆ ಈಗ ಅಕ್ಕನ ಮೇಲೆ ಪೂರ್ತಿ ನಂಬಿಕೆ. ಆದರೆ ಬಿಸಿಲಿಗೆ ಹೋಗುವ ಚರ್ಮವೇ ಉಳಿದಿರಲಿಲ್ಲ.

ಅದಕ್ಕೇ ಮಗು, ಇವತ್ತಿಗೂ ಬೇಲಿಯ ಮೇಲೆ ಓತಿಕ್ಯಾತ ತಲೆ ಆಡಿಸಿ ಆಡಿಸಿ ಕರೆಯುತ್ತಲೇ ಇರುತ್ತದೆ, ಮನೆಯೊಳಗಿನ ಹಲ್ಲಿ ದೀಪ ಹಚ್ಚಿದ ಮೇಲಷ್ಟೇ ಹೊರಗೆ ಇಣುಕಿ, ಗೋಡೆ ಬಿಟ್ಟು ಹೋಗಲಾರದೆ ಲೊಚ್ ಲೊಚ್ ಎಂದು ಲೊಚಗುಟ್ಟುತ್ತದೆ.