ಅಂಚೆಚೀಟಿಯಷ್ಟು ಜಾಗದಲ್ಲಿ ಒಬ್ಬ ರಾಜ

ಮೌನೇಶ ಒಂದು ಸಣ್ಣ ವಿಡಿಯೊ ಗೇಮ್ ಕಂಪನಿಯಲ್ಲಿ ಚಿತ್ರ ಬರೆಯುವವನು. ಕೋಟೆ ಕಾಯುವ ಯುದ್ಧತಂತ್ರದ ಆಟವೊಂದಕ್ಕೆ ಎರಡು ವರ್ಷ ಬೆವರು ಸುರಿಸಿದ್ದ. ಈಗ ಆನ್‌ಲೈನ್ ಅಂಗಡಿಗೆ ಮುಖಚಿತ್ರವೊಂದೇ ಬಾಕಿ. ಮುಖಚಿತ್ರವೆಂದರೆ ಜನ ಮೊದಲು ನೋಡುವ ಚಿತ್ರ. ಅದು ಕಣ್ಣಿಗೆ ಬೀಳದಿದ್ದರೆ ಆಟವನ್ನು ಯಾರೂ ಮುಟ್ಟುವುದಿಲ್ಲ, ಎರಡು ವರ್ಷ ಮಣ್ಣುಪಾಲು. ಅವನು ಒಂದು ಕೋಟೆಬಾಗಿಲು, ಮುಂದೆ ಒಬ್ಬನೇ ಕಾವಲುಗಾರ, ಇಷ್ಟೇ ಬರೆದಿದ್ದ.

ಮಾಲೀಕ ಪಂಪಾಪತಿ ಮುಖ ಸಿಂಡರಿಸಿದರು. "ಇದೇನಯ್ಯಾ, ಊಟಕ್ಕೆ ಕರೆದು ಬರೀ ನೀರು ಕೊಟ್ಟ ಹಾಗಿದೆ! ನೂರು ಸೈನಿಕರು, ಹತ್ತು ಆನೆ ಹಾಕು. ನಡುವೆ ರಾಜ. ರಾಜನಿಗೆ ನನ್ನ ಮುಖ!"

"ಆಗಲಿ ಸಾರ್," ಎಂದ ಮೌನೇಶ. ಎಲ್ಲವನ್ನೂ ಬರೆದ. ಮರುದಿನ ಕಚೇರಿಯಲ್ಲಿ ಎಲ್ಲರೆದುರು ಆ ಚಿತ್ರವನ್ನು ಫೋನಿನಲ್ಲಿ ತೆರೆದು ಹಿಡಿದ. ಅಂಗಡಿಯಲ್ಲಿ ಮುಖಚಿತ್ರ ಅಂಚೆಚೀಟಿಯಷ್ಟೇ ಕಾಣುವುದರಿಂದ ಅಷ್ಟಕ್ಕೇ ಕುಗ್ಗಿಸಿದ್ದ.

"ನಿಮ್ಮ ಮುಖ ಎಲ್ಲಿದೆ ತೋರಿಸಿ ಸಾರ್."

ಪಂಪಾಪತಿ ಕನ್ನಡಕ ಏರಿಸಿದರು, ಇಳಿಸಿದರು. ಕೊನೆಗೆ ಬೆರಳಿಟ್ಟರು. "ಇಗೋ! ಎಂಥಾ ಗಾಂಭೀರ್ಯ ನೋಡ್ರೋ!"

ಮೌನೇಶ ಚಿತ್ರ ಹಿಗ್ಗಿಸಿದ. ಬೆರಳಿನಡಿ ಇದ್ದದ್ದು ಆನೆಯ ಹಿಂಭಾಗ.

ನಗು ತಡೆಯಲು ಒಬ್ಬೊಬ್ಬರೂ ಕೆಮ್ಮತೊಡಗಿದರು. ಪಂಪಾಪತಿ ಗಂಟಲು ಸರಿಮಾಡಿಕೊಂಡರು. "ಆ ಒಂಟಿ ಕಾವಲುಗಾರನನ್ನೇ ಕಳಿಸಯ್ಯಾ. ಮೀಸೆಯಾದರೂ ನನ್ನದಿರಲಿ."

"ಖಂಡಿತ ಸಾರ್. ಅಷ್ಟು ಸಣ್ಣದರಲ್ಲಿ ಯಾರಿಗೂ ಕಾಣಲ್ಲ."

ಸಂಜೆಯೇ ಕಾವಲುಗಾರ ಅಂಗಡಿಯಲ್ಲಿ ನಿಂತ. ಸಾವಿರ ಆಟಗಳ ನಡುವೆ ಮಾರು ದೂರದಿಂದಲೇ ಎದ್ದು ಕಂಡ.