ಮೇಲೆದ್ದ ಗೇಟು, ಕೆಳಗುಳಿದ ಕೆಂಚ

ಎರಡು ದೇಶಗಳ ಗಡಿಯಲ್ಲೊಂದು ಗೇಟಿತ್ತು. ತಪಾಸಣೆಗೆಂದು ಲಾರಿಗಳು ಅಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದವು. ಡ್ರೈವರುಗಳು ಇಳಿದು, ಒಲೆ ಹೂಡಿ ರೊಟ್ಟಿ ಸುಡುತ್ತಿದ್ದರು. ಅದರಲ್ಲಿ ಪಾಲು ತಿಂದು ತಿಂದು ಕೆಂಚನೆಂಬ ನಾಯಿ ದುಂಡಗಾಗಿದ್ದ. ಆದರೂ ಅವನಿಗೆ ಗೇಟನ್ನು ಕಂಡರಾಗದು.

“ಎಲೈ ಅಡ್ಡಗಾಲೇ, ನೀನು ತೊಲಗಿದರೆ ಹತ್ತು ಪಟ್ಟು ಲಾರಿ ಬರುತ್ತವೆ. ರೊಟ್ಟಿಯೂ ಹತ್ತು ಪಟ್ಟು!” ಎಂದು ದಿನವೂ ಬೊಗಳುತ್ತಿದ್ದ.

ಕೊನೆಗೆ ಎರಡೂ ದೇಶದ ದೊಡ್ಡವರು ಕೈಕುಲುಕಿದರು. ವ್ಯಾಪಾರಕ್ಕೆಂದೇ ನುಣ್ಣನೆಯ ಹೆದ್ದಾರಿ ಬಂತು. ಗೇಟು ಆಕಾಶ ನೋಡುತ್ತ ನಿಂತಿತು. ಕೆಂಚ ರಸ್ತೆ ಬದಿಯಲ್ಲಿ ಬಾಲ ಅಲ್ಲಾಡಿಸುತ್ತ ಕೂತ. ಹತ್ತು ಪಟ್ಟು ಲಾರಿ ಬಂದವು ನಿಜ, ಒಂದೂ ನಿಲ್ಲಲಿಲ್ಲ. ಅವನ ಪಾಲಿಗೆ ಬಂದದ್ದು ಮೂತಿ ತುಂಬ ಹೊಗೆ.

“ಗೇಟಣ್ಣಾ, ಒಂದು ಗಳಿಗೆ ಕೆಳಗಿಳಿಯುತ್ತೀಯಾ?”

“ಮೇಲೆತ್ತಿ ಬೆಸುಗೆ ಹಾಕಿಬಿಟ್ಟಿದ್ದಾರಪ್ಪ. ನೀನೇ ಅಲ್ಲವೇ ಬೊಗಳಿದವನು?” ಎಂದಿತು ಗೇಟು.

ಕೆಂಚ ನೆಟ್ಟಗೆ ಹೆಗ್ಗಣದ ಬಿಲಕ್ಕೆ ನಡೆದು, “ಹೆದ್ದಾರಿಯ ನಡುಮಧ್ಯೆ ಒಂದು ದೊಡ್ಡ ಗುಂಡಿ ತೋಡಿಕೊಡು,” ಎಂದ.

ಹೆಗ್ಗಣ ಮೀಸೆ ಕುಣಿಸಿತು. “ಯಾಕೆ ಸ್ವಾಮಿ, ಅಭಿವೃದ್ಧಿ ಸಾಕಾಯಿತೇ?”

“ಬೇಕು ಮಾರಾಯ. ಆದರೆ ಅದು ನಮ್ಮೂರಲ್ಲಿ ಒಮ್ಮೆಯಾದರೂ ಬ್ರೇಕು ಹಾಕಬೇಕಲ್ಲ!”