ಟಿವಿ ಹಾಕಿದ ಗೋಡೆ

ಕಪಿಲಾ ಹೊಳೆಯ ದಂಡೆಯಲ್ಲಿ ಸೇತುರಾಮಯ್ಯನವರ ಮನೆ. ನಲವತ್ತು ವರ್ಷ ಅಲ್ಲಿ ಮೃದಂಗ ಹೇಳಿಕೊಟ್ಟರು. ಲಕ್ವ ಹೊಡೆದು ಎಡಗೈ ಬಿದ್ದುಹೋದ ಮೇಲೆ ಪಾಠ ನಿಂತಿತು. ಸಂಗೀತ ಕಚೇರಿಗಳಿಗೆ ಹೋಗುವುದೂ ನಿಂತಿತು.

ಹಳೆಯ ಶಿಷ್ಯೆ ಪದ್ಮಾಕ್ಷಿ ಅದೇ ಊರಿಗೆ ಪೋಸ್ಟ್‌ಮಾಸ್ಟರಾಗಿ ವರ್ಗವಾಗಿ ಬಂದಳು. ಮದುವೆಯಾಗಿ ಹೋದವಳು ಇಪ್ಪತ್ತಾರು ವರ್ಷ ಮೃದಂಗ ಮುಟ್ಟಿರಲಿಲ್ಲ. ಗುರುಗಳಿಗೆ ಮುಖ ತೋರಿಸಲು ಸಂಕೋಚ. ಒಂದು ಭಾನುವಾರ ಬೆಳಿಗ್ಗೆ ಹೊಸ ಟಿವಿಯೊಂದನ್ನು ಆಟೊದಲ್ಲಿ ಹೇರಿಕೊಂಡು ಬಂದಳು.

“ಇನ್ನು ಕೂತಲ್ಲೇ ಕಚೇರಿ ನೋಡಬಹುದು ಗುರುಗಳೇ.”

“ಗೋಡೆಗೆ ಹಾಕುವವರು ಯಾರು?”

“ನಾನೇ. ನಮ್ಮ ಮನೇಲೂ ನಾನೇ ಹಾಕಿದ್ದು.”

ಪಾಠದ ಕೋಣೆಯ ಗೋಡೆ ಆರಿಸಿದಳು. ಟೇಪು ಹಿಡಿದು ಅಳೆದಳು. ರಸಮಟ್ಟ ಇಟ್ಟು ಗೆರೆ ಎಳೆದಳು. ಗೆರೆ ಒಂದು ಕೂದಲೆಳೆಯೂ ವಾಲಿರಲಿಲ್ಲ. ಆದರೆ ಡ್ರಿಲ್ಲಿಂಗ್ ಮಷೀನು ತಾಗಿಸಿದ್ದೇ ತಡ, ಅಂಗೈಯಗಲ ಗಾರೆ ಕಳಚಿ ಕಾಲ ಬಳಿ ಬಿತ್ತು. ಒಳಗೆ ಬೆರಳು ಹಾಕಿ ನೋಡಿದರೆ ಪೊಳ್ಳು.

ಗುರುಗಳು ಬೆತ್ತದ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು.

“ಅಲ್ಲಿ ಗೂಡಿತ್ತು,” ಎಂದರು.

ಪದ್ಮಾಕ್ಷಿಗೆ ನೆನಪಾಯಿತು. ಗೂಡಿನಲ್ಲೊಂದು ಹಿತ್ತಾಳೆ ಬಟ್ಟಲು, ಬಟ್ಟಲಲ್ಲಿ ಕಲಸಿದ ರವೆ. ಮೃದಂಗದ ಎಡಭಾಗಕ್ಕೆ ಮೆತ್ತಲು ಗುರುಪತ್ನಿ ದಿನಾ ಕಲಸಿಡುತ್ತಿದ್ದರು. ಎಂಟು ವರ್ಷದವಳಿಗೆ ಬಟ್ಟಲು ಎಟುಕುತ್ತಿರಲಿಲ್ಲ. ಗುರುಪತ್ನಿಯೇ ಸೊಂಟ ಹಿಡಿದು ಎತ್ತುತ್ತಿದ್ದರು. ಅವರ ಸೀರೆಯಲ್ಲಿ ಒಗ್ಗರಣೆಯ ವಾಸನೆ ಇರುತ್ತಿತ್ತು.

“ಯಾವಾಗ ಮುಚ್ಚಿಸಿದಿರಿ?”

“ಅವಳು ತೀರಿಹೋದ ವರ್ಷ. ಖಾಲಿ ಗೂಡು ನೋಡೋಕಾಗ್ತಿರಲಿಲ್ಲ.”

ಪದ್ಮಾಕ್ಷಿ ಕಾಲ ಬಳಿಯ ಗಾರೆ ಚೂರು ಬದಿಗೆ ಸರಿಸಿದಳು.

“ಮೊದಲೇ ಹೇಳಬಾರದಿತ್ತೇ ಗುರುಗಳೇ?”

“ನೀನು ಕೇಳಲಿಲ್ಲ.”

“ಹೌದು. ನಿಮ್ಮನ್ನ ಕೇಳಬೇಕಿತ್ತು.”

“ನನ್ನನ್ನಲ್ಲ. ಗೋಡೆಯನ್ನ.”

ಅವಳಿಗೆ ತಿಳಿಯಲಿಲ್ಲ. ಗುರುಗಳು ಬಲಗೈ ಊರಿ ಎದ್ದರು. ಗೋಡೆಯ ಬಳಿ ಬಂದು, ಕಳಚಿದ ಜಾಗದ ಪಕ್ಕದಲ್ಲಿ ಬೆರಳಿನಿಂದ ತಟ್ಟಿದರು. ಎರಡು ಮೊಳ ಆಚೆ ಹೋಗಿ ಮತ್ತೆ ತಟ್ಟಿದರು.

“ಹೇಳು.”

“ಎರಡೂ ಒಂದೇ ಥರ ಇದೆ.”

ಗುರುಗಳು ಇನ್ನೊಮ್ಮೆ ತಟ್ಟಿದರು. ಪಾಠ ಹೇಳುವಾಗಲೂ ಅವರು ಹೀಗೇ. ತಪ್ಪು ಎಂದು ಹೇಳುತ್ತಿರಲಿಲ್ಲ. ಇನ್ನೊಮ್ಮೆ ನುಡಿಸುತ್ತಿದ್ದರು, ಅಷ್ಟೇ.

ಪದ್ಮಾಕ್ಷಿ ಮಷೀನು ಕೆಳಗಿಟ್ಟಳು. ಗೋಡೆಗೆ ಕಿವಿ ಹಚ್ಚಿ ತಾನೇ ತಟ್ಟಿದಳು. ತೋಂ. ಸ್ವಲ್ಪ ಸರಿದಳು. ತೋಂ. ಇನ್ನೂ ಸರಿದಳು. ಕಿಟಕಿಯ ಹತ್ತಿರ ಬರುವಾಗ ಸದ್ದು ಬಿಗಿಯಾಯಿತು.

ತ.

ಹಿಂದಕ್ಕೆ ಹೋಗಿ ಮತ್ತೆ ತಟ್ಟಿ ನೋಡಿದಳು. ಕಿವಿ ಸುಳ್ಳು ಹೇಳುತ್ತಿರಲಿಲ್ಲ.

“ಇಲ್ಲಿ, ಗುರುಗಳೇ.”

“ಅಲ್ಲೇ ಕೊರೆ.”

ನಾಲ್ಕು ತೂತು ಬಿದ್ದವು. ನಾಲ್ಕು ಸ್ಕ್ರೂಗಳೂ ಬಿಗಿಯಾಗಿ ಕೂತವು. ಗೋಡೆಗೆ ಕೂತ ಟಿವಿ ಸ್ಟ್ಯಾಂಡಿಗೆ ಜೋತುಬಿದ್ದು ನೋಡಿದಳು, ಅಲುಗಲಿಲ್ಲ. ಟಿವಿ ಎತ್ತಿ ಸಿಕ್ಕಿಸಿದಳು. ಬಿದ್ದ ಗಾರೆ ಗುಡಿಸಿದಳು. ಗೂಡನ್ನು ಮತ್ತೆ ಮುಚ್ಚುವುದು ಬೇಡ ಎಂದರು ಗುರುಗಳು.

ಟಿವಿಯಲ್ಲಿ ಯಾವುದೋ ಹಳೆಯ ಕಚೇರಿ ಬರುತ್ತಿತ್ತು. ಮೃದಂಗದ ತನಿ ಆವರ್ತನ ಶುರುವಾಯಿತು. ಪದ್ಮಾಕ್ಷಿ ನೆಲದ ಮೇಲೆ ಕೂತು ನೋಡಿದಳು. ಅವಳಿಗೆ ಗೊತ್ತಿಲ್ಲದೆಯೇ ಅವಳ ಬೆರಳುಗಳು ತೊಡೆಯ ಮೇಲೆ ಆಡುತ್ತಿದ್ದವು.

ಗುರುಗಳು ಟಿವಿ ನೋಡುತ್ತಿರಲಿಲ್ಲ. ಆ ಬೆರಳುಗಳನ್ನು ನೋಡುತ್ತಿದ್ದರು.

“ನಾಳೆ ಎಷ್ಟು ಹೊತ್ತಿಗೆ ಬರ್ತೀ?”

“ನಾಳೆ ಯಾಕೆ ಗುರುಗಳೇ? ಟಿವಿ ಕೆಲಸ ಮುಗೀತಲ್ಲ.”

“ಟಿವಿದು ಮುಗೀತು. ನಿನ್ನ ಪಾಠ ಉಳಿದಿದೆ.”